ಸ್ಟಾರ್‌ಗಳು ಯುದ್ಧದ ಬಗ್ಗೆ ಬಾಯಿ ಬಿಡಬೇಕಾ?

ಪ್ರಶ್ನೆ: ನನ್ನ ಮಗಳು ಕಾಲೇಜು ಓದುತ್ತಿದ್ದಾಳೆ. ಅವಳ ಮೆಚ್ಚಿನ ಗಾಯಕನೊಬ್ಬ ಒಂದು ಯುದ್ಧದ ಬಗ್ಗೆ ತಿಂಗಳುಗಟ್ಟಲೆ ಏನೂ ಹೇಳಲಿಲ್ಲ ಅಂತ ಅವನನ್ನು ಫಾಲೋ ಮಾಡುವುದನ್ನೇ ಬಿಟ್ಟಳು. ‘ಸುಮ್ಮನಿದ್ದಾನೆ ಅಂದರೆ ಒಪ್ಪಿದ್ದಾನೆ ಅಂತಲೇ ಅರ್ಥ’ ಅನ್ನುತ್ತಾಳೆ. ನನಗೆ ಇದು ವಿಚಿತ್ರವಾಗಿ ಕಾಣುತ್ತದೆ. ಹಾಡುವವನಿಗೆ ಯುದ್ಧದ ಬಗ್ಗೆ ಏನು ಗೊತ್ತು? ತನ್ನ ಕೆಲಸ ತಾನು ನೋಡಿಕೊಂಡಿರಲಿ ಅನ್ನುವುದು ನನ್ನ ವಾದ. ಯಾರು ಸರಿ? ಅಷ್ಟಕ್ಕೂ ಇಂಥವರು ಹೇಳುವುದರಿಂದ ಏನಾದರೂ ಬದಲಾಗುತ್ತದೆಯೇ?

ಉತ್ತರ: ಅರ್ಧ ನೀವು ಸರಿ, ಅರ್ಧ ಮಗಳು ಸರಿ ಅಂತ ಹೇಳಿ ಜಾರಿಕೊಳ್ಳಬಹುದು. ಆದರೆ ನನ್ನ ಲೆಕ್ಕದಲ್ಲಿ ಇಬ್ಬರೂ ತಪ್ಪು, ಬೇರೆ ಬೇರೆ ಕಾರಣಕ್ಕೆ. ಬಾಯಿ ಮುಚ್ಚು ಅಂತ ಸ್ಟಾರ್‌ಗಳಿಗೆ ಹೇಳುವ ಹಕ್ಕು ನಮಗಿಲ್ಲ. ಬಾಯಿ ಬಿಡು ಅಂತ ಕುತ್ತಿಗೆ ಹಿಡಿಯುವ ಹಕ್ಕೂ ಇಲ್ಲ. ಇವತ್ತಿನ ದಿನಗಳಲ್ಲಿ ಜಾಸ್ತಿ ಹಾನಿ ಮಾಡುತ್ತಿರುವುದು ಈ ಎರಡನೆಯದು ಅನ್ನುವುದು ನನ್ನ ಅನಿಸಿಕೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ವಾದ.

‘ತನ್ನ ಕೆಲಸ ನೋಡಿಕೊಳ್ಳಲಿ’ ಅನ್ನುವ ಮಾತು ಕೇಳಲು ನ್ಯಾಯವಾಗಿಯೇ ಇದೆ. ಆದರೆ ಈ ಮಾತನ್ನು ಯಾರಿಗೆ ಹೇಳುತ್ತಾರೆ, ಯಾರಿಗೆ ಹೇಳುವುದಿಲ್ಲ ಅಂತ ಸ್ವಲ್ಪ ಗಮನಿಸಿ. 1918ರಲ್ಲಿ, ಮೊದಲ ಮಹಾಯುದ್ಧದ ಹೊತ್ತಿಗೆ, ಚಾರ್ಲಿ ಚಾಪ್ಲಿನ್, ಮೇರಿ ಪಿಕ್‌ಫರ್ಡ್, ಡಗ್ಲಸ್ ಫೇರ್‌ಬ್ಯಾಂಕ್ಸ್ ಅಮೆರಿಕದ ಊರೂರು ಸುತ್ತಿ ಸರ್ಕಾರದ ಯುದ್ಧ ಬಾಂಡ್‌ಗಳನ್ನು ಮಾರಿದರು. ಅವರ ಕೆಲಸ ನಟನೆ, ಯುದ್ಧಕ್ಕೆ ಹಣ ಎತ್ತುವುದಲ್ಲ. ಆದರೂ ಸರ್ಕಾರವೇ ಅವರನ್ನು ಮೆರೆಸಿತು. 1942ರ ಜನವರಿಯಲ್ಲಿ ನಟಿ ಕ್ಯಾರೊಲ್ ಲೊಂಬಾರ್ಡ್ ಇಂಡಿಯಾನಾಪೊಲಿಸ್‌ನಲ್ಲಿ ಒಂದೇ ದಿನ 20 ಲಕ್ಷ ಡಾಲರಿಗೂ ಹೆಚ್ಚಿನ ಬಾಂಡ್ ಮಾರಿ, ವಾಪಸ್ ಬರುವಾಗ ವಿಮಾನ ಅಪಘಾತದಲ್ಲಿ ಸತ್ತರು. ಅವರನ್ನು ದೇಶಭಕ್ತೆ ಅಂತ ಕೊಂಡಾಡಿದರು. ನಟಿಗೆ ಯುದ್ಧದ ಉಸಾಬರಿ ಯಾಕೆ ಅಂತ ಅನ್ನಲಿಲ್ಲ.

ಈಗ ಅದೇ ಚಾಪ್ಲಿನ್‌ನ ಮುಂದಿನ ಕಥೆ ನೋಡಿ. 1952ರಲ್ಲಿ ಅವನು ಹಡಗು ಹತ್ತಿ ಲಂಡನ್‌ಗೆ ಹೊರಟಿದ್ದ. ಹಡಗು ಸಮುದ್ರದಲ್ಲಿ ಇರುವಾಗಲೇ ಅಮೆರಿಕ ಅವನ ಮರುಪ್ರವೇಶದ ಅನುಮತಿಯನ್ನು ರದ್ದು ಮಾಡಿತು. ಅವನ ರಾಜಕೀಯ ಸರಿಯಿಲ್ಲ ಅನ್ನುವುದು ಮುಖ್ಯ ಆರೋಪಗಳಲ್ಲಿ ಒಂದು. ಮತ್ತೆ ಅವನು ಆ ನೆಲಕ್ಕೆ ಕಾಲಿಟ್ಟಿದ್ದು 1972ರಲ್ಲಿ, ಗೌರವ ಆಸ್ಕರ್ ತೆಗೆದುಕೊಳ್ಳಲು. ಒಬ್ಬನೇ ಮನುಷ್ಯ, ಒಂದೇ ಕಸುಬು. ಸರ್ಕಾರದ ಮಾತನ್ನೇ ಆಡಿದಾಗ ಅದು ದೇಶಸೇವೆ, ಬೇರೆ ಮಾತಾಡಿದಾಗ ಅಧಿಕಪ್ರಸಂಗ.

ಹಾಗಾಗಿ ‘ಕಲಾವಿದರು ರಾಜಕೀಯ ಮಾತಾಡಬಾರದು’ ಅಂತ ಯಾರಾದರೂ ಹೇಳಿದಾಗ ನಾನು ಮೊದಲು ಕೇಳುವ ಪ್ರಶ್ನೆ: ನಿಮಗೆ ಒಪ್ಪಿಗೆಯಾಗುವ ಮಾತನ್ನೇ ಆಡಿದಾಗಲೂ ಹೀಗೇ ಹೇಳಿದ್ದಿರಾ? ನಿಮ್ಮನ್ನೂ ಕೇಳುತ್ತಿದ್ದೇನೆ. ಸೈನಿಕರಿಗೆ ಜೈ ಅಂದ ಆಟಗಾರನನ್ನು ‘ನಿನ್ನ ಕೆಲಸ ನೀನು ನೋಡಿಕೋ’ ಅಂತ ಗದರಿಸಿದ್ದೀರಾ? ಹೌದು ಅಂದರೆ ನಿಮ್ಮ ವಾದಕ್ಕೆ ನಾನು ತಲೆಬಾಗುತ್ತೇನೆ. ಇಲ್ಲ ಅಂದರೆ ನಿಮ್ಮ ತಕರಾರು ಮಾತಾಡಿದ್ದಕ್ಕಲ್ಲ, ಆಡಿದ ಮಾತಿಗೆ. ಅದಕ್ಕೆ ಉತ್ತರ ಕೊಡಿ, ಬಾಯಿ ಮುಚ್ಚಿಸಬೇಡಿ.

‘ಅವನಿಗೇನು ಗೊತ್ತು’ ಅಂದಿರಲ್ಲ, ಆ ಭಾಗದಲ್ಲಿ ನಿಜವಾದ ತೂಕ ಇದೆ. ಮತ ಹಾಕಲು, ಅಭಿಪ್ರಾಯ ಇಟ್ಟುಕೊಳ್ಳಲು ಯಾರೂ ಪಂಡಿತರಾಗಬೇಕಿಲ್ಲ. ತೊಂದರೆ ಏನೆಂದರೆ, ನಮ್ಮ ಪಕ್ಕದ ಮನೆಯವರ ಅಭಿಪ್ರಾಯ ನಾಲ್ಕು ಜನಕ್ಕೆ ಕೇಳಿಸುತ್ತದೆ, ಸ್ಟಾರ್‌ನದ್ದು ನಾಲ್ಕು ಕೋಟಿ ಜನಕ್ಕೆ. ಕೇಳಿಸುವುದಷ್ಟೇ ಆಗಿದ್ದರೆ ಚಿಂತೆ ಇರಲಿಲ್ಲ. ನಾವು ಅದನ್ನು ನಂಬುವ ರೀತಿಯೇ ಬೇರೆ.

1920ರಲ್ಲಿ ಎಡ್ವರ್ಡ್ ಥಾರ್ನ್‌ಡೈಕ್ ಅನ್ನುವ ಮನಶ್ಶಾಸ್ತ್ರಜ್ಞ ಒಂದು ವಿಷಯ ಗಮನಿಸಿದ. ಸೇನೆಯ ಅಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಮೈಕಟ್ಟು, ಬುದ್ಧಿ, ನಾಯಕತ್ವ, ನಡತೆ ಅಂತ ಬೇರೆ ಬೇರೆ ಅಂಕ ಕೊಡಬೇಕಿತ್ತು. ಒಂದರಲ್ಲಿ ಚೆನ್ನಾಗಿ ಅಂಕ ಪಡೆದವನಿಗೆ ಉಳಿದ ಎಲ್ಲದರಲ್ಲೂ ಚೆನ್ನಾಗಿಯೇ ಬಂದಿತ್ತು. ಒಂದು ಗುಣ ಕಣ್ಣು ಕುಕ್ಕಿದರೆ ಉಳಿದದ್ದನ್ನು ನಾವು ಪರೀಕ್ಷೆ ಮಾಡುವುದೇ ಇಲ್ಲ. ದನಿ ಚೆನ್ನಾಗಿದೆ, ಹಾಗಾದರೆ ಯೋಚನೆಯೂ ಚೆನ್ನಾಗಿರಬೇಕು ಅಂತ ಮನಸ್ಸು ತಾನಾಗಿಯೇ ಲೆಕ್ಕ ಹಾಕುತ್ತದೆ. ಇದಕ್ಕೆ ಇನ್ನೊಂದು ಪದರ ಸೇರಿಸಿದವರು ಹಾರ್ಟನ್ ಮತ್ತು ವೋಲ್ ಅನ್ನುವ ಸಂಶೋಧಕರು, 1956ರಲ್ಲಿ. ಟಿವಿಯಲ್ಲಿ ದಿನವೂ ಕಾಣುವ ವ್ಯಕ್ತಿಯನ್ನು ಜನ ತಮ್ಮ ಗೆಳೆಯನೆಂದೇ ಭಾವಿಸುತ್ತಾರೆ, ಆ ಕಡೆಯವನಿಗೆ ಇವರು ಇದ್ದಾರೆಂದೇ ಗೊತ್ತಿಲ್ಲದಿದ್ದರೂ. ಆಗ ಇದ್ದದ್ದು ಟಿವಿ. ಈಗ ಫೋನು, ಅದೂ ದಿಂಬಿನ ಪಕ್ಕದಲ್ಲಿ. ನಿಮ್ಮ ಮಗಳಿಗೆ ಅಷ್ಟು ಬೇಜಾರಾಗಿದ್ದು ಯಾಕೆ ಅಂತ ಇದರಿಂದ ಅರ್ಥವಾಗಬಹುದು. ಅವಳಿಗೆ ಕೈಕೊಟ್ಟಿದ್ದು ಯಾರೋ ಗಾಯಕನಲ್ಲ, ಗೆಳೆಯ.

ಈ ನಂಬಿಕೆ ಎಲ್ಲಿಗೆ ಕೊಂಡೊಯ್ಯುತ್ತದೆ ಅನ್ನುವುದಕ್ಕೆ ಚಾರ್ಲ್ಸ್ ಲಿಂಡ್‌ಬರ್ಗ್‌ನ ಕಥೆ ಓದಬೇಕು. 1927ರಲ್ಲಿ ಒಬ್ಬನೇ ಅಟ್ಲಾಂಟಿಕ್ ಸಾಗರವನ್ನು ವಿಮಾನದಲ್ಲಿ ದಾಟಿದವನು. ಆಗಿನ ಪ್ರಪಂಚದಲ್ಲಿ ಅವನಿಗಿಂತ ದೊಡ್ಡ ಹೀರೋ ಬಹುಶಃ ಇರಲಿಲ್ಲ. ಜರ್ಮನಿಗೆ ಹೋಗಿ ಅಲ್ಲಿನ ವಾಯುಪಡೆ ನೋಡಿದ, ದಂಗಾದ. 1938ರಲ್ಲಿ ಹಿಟ್ಲರ್‌ನ ವಾಯುಪಡೆಯ ಮುಖ್ಯಸ್ಥ ಗೋರಿಂಗ್ ಕೈಯಿಂದ ಪದಕವನ್ನೂ ತೆಗೆದುಕೊಂಡ. ಆಮೇಲೆ ಊರೂರಲ್ಲಿ ಭಾಷಣ: ಹಿಟ್ಲರ್ ವಿರುದ್ಧದ ಯುದ್ಧಕ್ಕೆ ಅಮೆರಿಕ ಇಳಿಯಬಾರದು ಅಂತ. 1941ರ ಸೆಪ್ಟೆಂಬರ್ 11ರಂದು ಡಿ ಮೊಯಿನ್ ಊರಿನಲ್ಲಿ, ದೇಶವನ್ನು ಯುದ್ಧಕ್ಕೆ ತಳ್ಳುತ್ತಿರುವವರು ಬ್ರಿಟಿಷರು, ಯಹೂದಿಗಳು ಮತ್ತು ರೂಸ್‌ವೆಲ್ಟ್ ಸರ್ಕಾರ ಅಂತ ಬಹಿರಂಗವಾಗಿ ಹೇಳಿದ. ಮೂರು ತಿಂಗಳಲ್ಲಿ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಜಪಾನಿನ ಬಾಂಬ್ ಬಿತ್ತು, ಅಮೆರಿಕ ಯುದ್ಧಕ್ಕೆ ಇಳಿಯಿತು. ಅವನ ಚಳವಳಿ ಬಾಗಿಲು ಹಾಕಿತು. ಗಮನಿಸಿ, ಅವನಿಗೆ ವಿಮಾನಗಳ ಬಗ್ಗೆ ಗೊತ್ತಿತ್ತು, ಚೆನ್ನಾಗಿಯೇ ಗೊತ್ತಿತ್ತು. ಅವನನ್ನು ದಾರಿ ತಪ್ಪಿಸಿದ್ದರಲ್ಲಿ ಅದರ ಪಾಲೂ ಇದೆ. ವಿಮಾನದ ಲೆಕ್ಕ ಬಲ್ಲವನಿಗೆ ದೇಶಗಳ ಲೆಕ್ಕವೂ ಗೊತ್ತು ಅಂತ ಜನ ನಂಬಿದರು. ಅವನೂ ನಂಬಿದ.

ವಿಜ್ಞಾನಿಗಳೂ ಇದಕ್ಕೆ ಹೊರತಲ್ಲ. ಲೈನಸ್ ಪಾಲಿಂಗ್ 1954ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದವರು. ಅಣುಬಾಂಬ್ ಪರೀಕ್ಷೆ ನಿಲ್ಲಿಸಿ ಅಂತ 11 ಸಾವಿರಕ್ಕೂ ಹೆಚ್ಚು ವಿಜ್ಞಾನಿಗಳ ಸಹಿ ಕೂಡಿಸಿ 1958ರಲ್ಲಿ ವಿಶ್ವಸಂಸ್ಥೆಗೆ ಕೊಟ್ಟರು. 1962ರ ಶಾಂತಿ ನೊಬೆಲ್ ಕೂಡ ಅವರಿಗೇ ಬಂತು. ಅಲ್ಲಿ ಅವರು ಸರಿಯಾಗಿದ್ದರು, ಯಾಕೆಂದರೆ ವಿಕಿರಣದಿಂದ ದೇಹಕ್ಕೆ ಏನಾಗುತ್ತದೆ ಅನ್ನುವುದು ಅವರು ಲೆಕ್ಕ ಹಾಕಬಲ್ಲ ವಿಷಯವಾಗಿತ್ತು. ಅದೇ ಪಾಲಿಂಗ್ 1970ರ ನಂತರ ಜಾಸ್ತಿ ಜಾಸ್ತಿ ವಿಟಮಿನ್ ಸಿ ತಿಂದರೆ ನೆಗಡಿ ಬರುವುದಿಲ್ಲ, ಕ್ಯಾನ್ಸರಿಗೂ ಒಳ್ಳೆಯದು ಅಂತ ಹಟ ಹಿಡಿದರು. ಪರೀಕ್ಷೆಗಳು ಅದನ್ನು ಎತ್ತಿ ಹಿಡಿಯಲಿಲ್ಲ. ಆದರೂ ಎರಡು ನೊಬೆಲ್ ಇದ್ದವರ ಮಾತು ಅಂತ ಜನ ಮಾತ್ರೆ ನುಂಗಿದರು. ಇಷ್ಟು ದೊಡ್ಡ ತಲೆಗೇ ಹೀಗಾದರೆ ಉಳಿದವರ ಕಥೆ ಕೇಳಬೇಕೇ?

ಸರಿ, ಈಗ ಮಗಳ ವಾದಕ್ಕೆ ಬರೋಣ. ‘ಮೌನ ಅಂದರೆ ಒಪ್ಪಿಗೆ.’

ಇದು ಅಧಿಕಾರದಲ್ಲಿ ಇರುವವರಿಗೆ ಹೊಂದುವ ಮಾತು. ಮಂತ್ರಿಯೊಬ್ಬ ತನ್ನ ಸರ್ಕಾರದ ಯುದ್ಧದ ಬಗ್ಗೆ ಸುಮ್ಮನಿದ್ದರೆ ಅದು ಒಪ್ಪಿಗೆಯೇ. ಹಾಡುವವನ ಮೌನಕ್ಕೆ ಹತ್ತು ಕಾರಣ ಇರಬಹುದು. ಭಯ ಇರಬಹುದು. ಕಾಂಟ್ರ್ಯಾಕ್ಟ್‌ನಲ್ಲಿ ಕಟ್ಟಿ ಹಾಕಿರಬಹುದು. ಊರಲ್ಲಿ ಅಪ್ಪ ಅಮ್ಮ ಇರಬಹುದು. ನಿಜಕ್ಕೂ ಏನೂ ತಿಳಿಯದೆ ಇರಬಹುದು, ಅದನ್ನು ಒಪ್ಪಿಕೊಳ್ಳುವುದೂ ಒಂದು ಪ್ರಾಮಾಣಿಕತೆ ಅಲ್ವಾ?

ರಷ್ಯಾದ ಟೆನಿಸ್ ಆಟಗಾರ ಆಂಡ್ರೆ ರುಬ್ಲೆವ್‌ನನ್ನು ತೆಗೆದುಕೊಳ್ಳಿ. 2022ರ ಫೆಬ್ರವರಿ 24ಕ್ಕೆ ರಷ್ಯಾ ಉಕ್ರೇನ್ ಮೇಲೆ ನುಗ್ಗಿತು. ಮಾರನೆಯ ದಿನ ದುಬೈನಲ್ಲಿ ಪಂದ್ಯ ಗೆದ್ದ ಅವನು ಟಿವಿ ಕ್ಯಾಮೆರಾದ ಗಾಜಿನ ಮೇಲೆ ಯುದ್ಧ ಬೇಡ ಅಂತ ಬರೆದ. ಎಂಟು ಹತ್ತು ದಿನದಲ್ಲಿ ಅವನ ದೇಶದಲ್ಲಿ ಹೊಸ ಕಾನೂನು ಬಂತು. ಸೇನೆಯ ಬಗ್ಗೆ ‘ಸುಳ್ಳು ಸುದ್ದಿ’ ಹಬ್ಬಿಸಿದರೆ 15 ವರ್ಷದವರೆಗೆ ಜೈಲು. ಅದೇ ವರ್ಷ ವಿಂಬಲ್ಡನ್‌ನವರು ರಷ್ಯಾ ಮತ್ತು ಬೆಲಾರೂಸ್ ಆಟಗಾರರೆಲ್ಲರನ್ನೂ ಹೊರಗಿಟ್ಟರು. ಗಾಜಿನ ಮೇಲೆ ಬರೆದವನನ್ನೂ ಸೇರಿಸಿ. ಇತ್ತ ದರಿ, ಅತ್ತ ಪುಲಿ. ಅಂಥ ಜಾಗದಲ್ಲಿ ನಿಂತವನು ಮುಂದೆ ಸುಮ್ಮನಾದರೆ ಅದನ್ನು ಒಪ್ಪಿಗೆ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಹಣದ ಭಯವೂ ಸಣ್ಣದಲ್ಲ. 2019ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಆರ್ಸೆನಲ್ ಫುಟ್‌ಬಾಲ್ ಕ್ಲಬ್ಬಿನ ಆಟಗಾರ ಮೆಸುಟ್ ಓಝಿಲ್, ಚೀನಾದಲ್ಲಿ ಉಯ್ಘರ್ ಮುಸ್ಲಿಮರನ್ನು ನಡೆಸಿಕೊಳ್ಳುತ್ತಿರುವ ರೀತಿಯ ಬಗ್ಗೆ ಒಂದು ಪೋಸ್ಟ್ ಹಾಕಿದ. ಕ್ಲಬ್ಬು ‘ಅದು ಅವರ ಸ್ವಂತ ಅಭಿಪ್ರಾಯ’ ಅಂತ ಕೈ ತೊಳೆದುಕೊಂಡಿತು. ಚೀನಾದ ಸರ್ಕಾರಿ ಟಿವಿ ಆರ್ಸೆನಲ್‌ನ ಮುಂದಿನ ಪಂದ್ಯದ ಪ್ರಸಾರವನ್ನೇ ಕಿತ್ತುಹಾಕಿತು. 2023ರ ನವೆಂಬರ್‌ನಲ್ಲಿ ಗಾಜಾ ಕುರಿತ ಪೋಸ್ಟ್‌ಗಳ ಕಾರಣಕ್ಕೆ ನಟಿ ಮೆಲಿಸ್ಸಾ ಬರೇರಾ ಒಂದು ದೊಡ್ಡ ಸಿನಿಮಾದಿಂದ ಹೊರಬಿದ್ದರು. ಹೀಗೆ ಒಬ್ಬರಿಗೆ ಆದದ್ದನ್ನು ನೂರು ಜನ ನೋಡುತ್ತಾರೆ. ಆ ನೂರು ಜನರ ಏಜೆಂಟರೂ ನೋಡುತ್ತಾರೆ.

ಮೌನಕ್ಕಿಂತ ನನಗೆ ಜಾಸ್ತಿ ಭಯ ಹುಟ್ಟಿಸುವುದು ಒತ್ತಾಯಕ್ಕೆ ಬರುವ ಮಾತು. ಫ್ಯಾನ್‌ಗಳು ‘ಯಾಕೆ ಇನ್ನೂ ಪೋಸ್ಟ್ ಹಾಕಿಲ್ಲ’ ಅಂತ ಕಾಮೆಂಟ್ ಸುರಿಸುತ್ತಾರೆ. ಮ್ಯಾನೇಜರ್ ಗಾಬರಿಯಾಗುತ್ತಾನೆ. ಒಂದು ಸಾಲು ತಯಾರಾಗುತ್ತದೆ: ಎಲ್ಲ ಕಡೆಯ ನೋವಿಗೂ ನಮ್ಮ ಹೃದಯ ಮಿಡಿಯುತ್ತದೆ, ಶಾಂತಿ ನೆಲೆಸಲಿ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಅದರಿಂದ ಯುದ್ಧದಲ್ಲಿ ಸಿಕ್ಕಿಕೊಂಡ ಒಬ್ಬನಿಗೂ ಏನೂ ಸಿಗುವುದಿಲ್ಲ. ಸಿಗುವುದು ಸ್ಟಾರ್‌ಗೆ: ಆ ವಾರದ ಬೈಗುಳದಿಂದ ಬಿಡುಗಡೆ. ನಾವು ಬೇಡಿಕೆ ಇಟ್ಟು ಮಾಡಿಸಿಕೊಂಡ ಜಾಹೀರಾತು ಅದು.

ಗಡಿಬಿಡಿಯಲ್ಲಿ ಇನ್ನೂ ಕೆಟ್ಟದ್ದೂ ಆಗುತ್ತದೆ. 2023ರ ಅಕ್ಟೋಬರ್‌ನಲ್ಲಿ ಹಮಾಸ್ ದಾಳಿಯಾದ ಕೆಲವೇ ದಿನಗಳಲ್ಲಿ ನಟಿ ಜೇಮೀ ಲೀ ಕರ್ಟಿಸ್, ಹೆದರಿ ಆಕಾಶ ನೋಡುತ್ತಿರುವ ಮಕ್ಕಳ ಫೋಟೊ ಒಂದನ್ನು ಇಸ್ರೇಲ್‌ಗೆ ಬೆಂಬಲವಾಗಿ ಹಂಚಿಕೊಂಡರು. ಫೋಟೊದಲ್ಲಿ ಇದ್ದದ್ದು ಪ್ಯಾಲೆಸ್ಟೀನಿನ ಮಕ್ಕಳು. ಗೊತ್ತಾದ ಮೇಲೆ ಅಳಿಸಿದರು. ಇನ್ನೊಂದು ದಿಕ್ಕಿನಲ್ಲೂ ಇದೇ ಆಗಿದೆ. 2025ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಮಾಜಿ ಫುಟ್‌ಬಾಲ್ ಆಟಗಾರ, ಬಿಬಿಸಿ ನಿರೂಪಕ ಗ್ಯಾರಿ ಲಿನೆಕರ್ ಜಿಯೋನಿಸಂ, ಅಂದರೆ ಯಹೂದಿಗಳಿಗೆ ತಮ್ಮದೇ ದೇಶ ಬೇಕು ಅನ್ನುವ ಚಳವಳಿ, ಅದರ ಕುರಿತ ಒಂದು ಪೋಸ್ಟನ್ನು ಹಂಚಿಕೊಂಡರು. ಅದರಲ್ಲಿ ಇಲಿಯ ಚಿತ್ರ ಇತ್ತು. ಯಹೂದಿಗಳನ್ನು ಇಲಿ ಅಂತ ಹೀಯಾಳಿಸಿದ ಹಳೆಯ, ಹೊಲಸು ಇತಿಹಾಸ ಇದೆ. ತಾನು ಆ ಚಿತ್ರವನ್ನು ಗಮನಿಸಿರಲಿಲ್ಲ ಅಂತ ಹೇಳಿ ಕ್ಷಮೆ ಕೇಳಿದರು, ಬಿಬಿಸಿಯನ್ನೂ ಅಂದುಕೊಂಡದ್ದಕ್ಕಿಂತ ಬೇಗ ಬಿಟ್ಟರು. ಇಬ್ಬರೂ ದುರುದ್ದೇಶದವರು ಅಂತ ನನಗೆ ಅನಿಸುವುದಿಲ್ಲ. ಬೆರಳು ತಲೆಗಿಂತ ಮುಂದೆ ಓಡಿತು, ಅಷ್ಟೇ. ಯುದ್ಧದ ಮೊದಲ ವಾರದಲ್ಲಿ ಬರುವ ಫೋಟೊ, ವಿಡಿಯೊಗಳಲ್ಲಿ ಎಷ್ಟೋ ಹಳೆಯವು, ಎಷ್ಟೋ ಬೇರೆ ಜಾಗದವು. ಪರಿಣತ ಪತ್ರಕರ್ತರೇ ಪರೀಕ್ಷಿಸಲು ಗಂಟೆಗಟ್ಟಲೆ ತೆಗೆದುಕೊಳ್ಳುತ್ತಾರೆ. ನಮ್ಮ ಸ್ಟಾರ್‌ಗೆ ನಾವು ಕೊಡುವ ಗಡುವು ಮಾತ್ರ ಅರ್ಧ ದಿನ.

ಹಾಗಾದರೆ ಯಾವ ಮಾತಿಗೆ ಕಿವಿ ಕೊಡಬೇಕು? ನಾನು ನೋಡುವುದು ಮುಖ್ಯವಾಗಿ ಆ ಮಾತಿಗೆ ಅವರು ಏನು ತೆತ್ತರು ಅನ್ನುವುದನ್ನು.

ಮಹಮ್ಮದ್ ಅಲಿ 1967ರ ಏಪ್ರಿಲ್ 28ರಂದು ಹ್ಯೂಸ್ಟನ್‌ನಲ್ಲಿ ಸೇನೆಗೆ ಸೇರಲು ನಿರಾಕರಿಸಿದ. ವಿಯೆಟ್ನಾಂ ಯುದ್ಧ ತಪ್ಪು ಅಂತ ಆಗ ಬಹಳ ಅಮೆರಿಕನ್ನರಿಗೆ ಇನ್ನೂ ಅನಿಸಿರಲಿಲ್ಲ. ವಿಶ್ವ ಹೆವಿವೇಟ್ ಪಟ್ಟ ಹೋಯಿತು. ಜೂನ್‌ನಲ್ಲಿ ಐದು ವರ್ಷ ಜೈಲು, 10,000 ಡಾಲರ್ ದಂಡದ ಶಿಕ್ಷೆ ಬಿತ್ತು. ಮೇಲ್ಮನವಿ ಹಾಕಿದ್ದರಿಂದ ಜೈಲಿಗೆ ಹೋಗಲಿಲ್ಲ, ಆದರೆ ರಿಂಗಿಗೆ ಇಳಿಯಲು ಬಿಡಲಿಲ್ಲ. 25ರಿಂದ 28ರ ವಯಸ್ಸು, ಬಾಕ್ಸರ್ ಒಬ್ಬನ ಮೈ ಅತಿ ಚೆನ್ನಾಗಿ ಮಾತು ಕೇಳುವ ವರ್ಷಗಳು, ಹಾಗೇ ಕಳೆದವು. 1971ರ ಜೂನ್ 28ರಂದು ಸುಪ್ರೀಂ ಕೋರ್ಟ್ ಒಮ್ಮತದಿಂದ ಶಿಕ್ಷೆಯನ್ನು ರದ್ದು ಮಾಡಿತು. ಅಲಿ ವಿದೇಶಾಂಗ ನೀತಿ ಓದಿದವನೇನಲ್ಲ. ಆದರೆ ಅವನು ಮಾತಾಡಿದ್ದು ತನ್ನ ಮೈಮೇಲೆ ಬಂದ ವಿಷಯದ ಬಗ್ಗೆ. ಬಂದೂಕು ಹಿಡಿ ಅಂತ ಕರೆ ಬಂದಿದ್ದು ಅವನಿಗೇ. ‘ನಿನಗೇನು ಗೊತ್ತು’ ಅನ್ನುವ ಪ್ರಶ್ನೆ ಅಲ್ಲಿ ನಿಲ್ಲುವುದಿಲ್ಲ.

ಇನ್ನೂ ಹಿಂದಕ್ಕೆ ಹೋದರೆ, 1919ರಲ್ಲಿ ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡದ ನಂತರ ರವೀಂದ್ರನಾಥ ಟ್ಯಾಗೋರ್ ತಮ್ಮ ‘ಸರ್’ ಪದವಿಯನ್ನು ವಾಪಸ್ ಮಾಡಿದರು. ಪಂಜಾಬಿನ ಸುದ್ದಿ ಹೊರಬರದಂತೆ ಸೆನ್ಸಾರ್ ಇದ್ದ ಕಾಲ. ವೈಸ್‌ರಾಯ್‌ಗೆ ಬರೆದ ಒಂದು ಪತ್ರ, ಬಿಟ್ಟುಕೊಟ್ಟ ಒಂದು ಗೌರವ. ಆ ಪತ್ರದಲ್ಲಿ ‘ಎಲ್ಲ ಕಡೆಯ ನೋವಿಗೂ’ ಅನ್ನುವ ಮಾತು ಇರಲಿಲ್ಲ.

ತೆತ್ತ ಮಾತ್ರಕ್ಕೆ ಮಾತು ಸರಿಯಾಗಿರುತ್ತದೆ ಅಂತಲೂ ಅಲ್ಲ. ಲಿಂಡ್‌ಬರ್ಗ್ ಕೂಡ ತನ್ನ ಹೆಸರನ್ನು ತೆತ್ತ. ವಿಯೆಟ್ನಾಂ ಯುದ್ಧ ನಡೆಯುತ್ತಿದ್ದಾಗಲೇ, 1972ರಲ್ಲಿ, ಅಮೆರಿಕದ ನಟಿ ಜೇನ್ ಫಾಂಡಾ ಶತ್ರುಪಕ್ಷವಾದ ಉತ್ತರ ವಿಯೆಟ್ನಾಂನ ರಾಜಧಾನಿ ಹನಾಯ್‌ಗೆ ಹೋದರು. ಅಷ್ಟರಲ್ಲಿ ಬಹಳಷ್ಟು ಅಮೆರಿಕನ್ನರೇ ಆ ಯುದ್ಧ ಸಾಕಪ್ಪ ಅನ್ನುತ್ತಿದ್ದರು, ಅಂದರೆ ಆಕೆಯ ಅಭಿಪ್ರಾಯ ಒಂಟಿಯಾಗಿರಲಿಲ್ಲ. ಆದರೆ ಅಮೆರಿಕದ ವಿಮಾನಗಳನ್ನು ಹೊಡೆಯುವ ತೋಪಿನ ಮೇಲೆ ಕೂತು ನಗುತ್ತಿರುವ ಫೋಟೊ ಒಂದು ಬಂತು. ಅದಾದ ಮೇಲೆ ಆಕೆ ಏನು ಹೇಳಿದರೂ ಕೇಳುವವರಿಲ್ಲ. ಯುದ್ಧವನ್ನು ವಿರೋಧಿಸಿದ್ದಕ್ಕೆ ಆಕೆ ಎಂದೂ ಪಶ್ಚಾತ್ತಾಪ ಪಡಲಿಲ್ಲ. ಆ ಫೋಟೊಗೆ ಮಾತ್ರ ಮತ್ತೆ ಮತ್ತೆ ಕ್ಷಮೆ ಕೇಳಿದ್ದಾರೆ. ಯುದ್ಧ ನಿಲ್ಲಲಿ ಅನ್ನುವುದು ಬೇರೆ, ಒಂದು ಸೇನೆಯ ಪ್ರಚಾರಕ್ಕೆ ಮುಖ ಕೊಡುವುದು ಬೇರೆ. ಪ್ರಸಿದ್ಧರ ಮುಖಕ್ಕೆ ಕಾದು ಕೂತವರು ಎರಡೂ ಕಡೆ ಇರುತ್ತಾರೆ.

ನಿಮ್ಮ ಕೊನೆಯ ಪ್ರಶ್ನೆ, ಏನಾದರೂ ಬದಲಾಗುತ್ತದೆಯೇ ಅನ್ನುವುದು. ಚುನಾವಣೆಯ ಮಟ್ಟಿಗೆ ಸ್ವಲ್ಪ ಲೆಕ್ಕ ಸಿಗುತ್ತದೆ. ಅಮೆರಿಕದ 2008ರ ಅಧ್ಯಕ್ಷ ಚುನಾವಣೆಗೆ ಮುನ್ನ, ಡೆಮಾಕ್ರಟಿಕ್ ಪಕ್ಷದೊಳಗಿನ ಸ್ಪರ್ಧೆಯಲ್ಲಿ ಟಿವಿ ನಿರೂಪಕಿ ಒಪ್ರಾ ವಿನ್‌ಫ್ರೀ ಒಬಾಮಾಗೆ ಬೆಂಬಲ ಕೊಟ್ಟರು. ಇಬ್ಬರು ಅರ್ಥಶಾಸ್ತ್ರಜ್ಞರು ಆಕೆಯ ಪತ್ರಿಕೆ ಎಲ್ಲೆಲ್ಲಿ ಜಾಸ್ತಿ ಮಾರಾಟವಾಗುತ್ತದೆ ಅಂತ ನೋಡಿ, ಅಲ್ಲಿನ ಮತಗಳ ಜೊತೆ ಹೋಲಿಸಿ, ಸುಮಾರು 10 ಲಕ್ಷ ಮತ ಇದರಿಂದ ಬಂದಿರಬಹುದು ಅಂತ ಅಂದಾಜು ಮಾಡಿದರು. 2024ರ ಸೆಪ್ಟೆಂಬರ್‌ನಲ್ಲಿ ಟೇಲರ್ ಸ್ವಿಫ್ಟ್ ಕಮಲಾ ಹ್ಯಾರಿಸ್‌ಗೆ ಬೆಂಬಲ ಹೇಳಿ, ಮತದಾರರ ನೋಂದಣಿಯ ಲಿಂಕ್ ಹಾಕಿದಾಗ 24 ಗಂಟೆಯಲ್ಲಿ 4 ಲಕ್ಷಕ್ಕೂ ಹೆಚ್ಚು ಜನ ಅದನ್ನು ಒತ್ತಿ ನೋಡಿದರು. ಹ್ಯಾರಿಸ್ ಸೋತರು. ಜನರ ಗಮನವನ್ನು ಸ್ಟಾರ್ ತಿರುಗಿಸಬಲ್ಲರು. ಮನಸ್ಸನ್ನು ತಿರುಗಿಸುವುದು ಅಷ್ಟು ಸುಲಭವಲ್ಲ.

ಯುದ್ಧದ ವಿಷಯದಲ್ಲಿ ಕೆಲಸ ಆಗಿರುವುದು ಹೆಚ್ಚಾಗಿ ಇನ್ನೊಂದು ಬಗೆಯಲ್ಲಿ. ರಾಜಕುಮಾರಿ ಡಯಾನಾ 1997ರ ಜನವರಿಯಲ್ಲಿ ಅಂಗೋಲಾದಲ್ಲಿ ನೆಲಬಾಂಬ್ ತೆಗೆಯುವ ಜಾಗದಲ್ಲಿ ರಕ್ಷಣಾ ಕವಚ ತೊಟ್ಟು ನಡೆದರು. ಬ್ರಿಟನ್ನಿನ ಕಿರಿಯ ಮಂತ್ರಿಯೊಬ್ಬರು ಆಕೆ ಹದ್ದು ಮೀರುತ್ತಿದ್ದಾರೆ ಅಂತ ಗೊಣಗಿದರು. ಅದೇ ಡಿಸೆಂಬರ್‌ನಲ್ಲಿ 122 ದೇಶಗಳು ಒಟ್ಟಾವಾದಲ್ಲಿ ನೆಲಬಾಂಬ್ ನಿಷೇಧದ ಒಪ್ಪಂದಕ್ಕೆ ಸಹಿ ಹಾಕಿದವು. ಡಯಾನಾ ಅದನ್ನು ನೋಡಲು ಉಳಿದಿರಲಿಲ್ಲ. ಒಪ್ಪಂದ ಆಕೆಯಿಂದಲೇ ಆಯಿತೇ? ಇಲ್ಲ. 1992ರಿಂದ ಜೋಡಿ ವಿಲಿಯಮ್ಸ್ ಮತ್ತು ಹಲವು ಸಂಘಟನೆಗಳು ಅದಕ್ಕಾಗಿ ಬೆವರು ಸುರಿಸಿದ್ದವು. 1997ರ ಶಾಂತಿ ನೊಬೆಲ್ ಸಿಕ್ಕಿದ್ದೂ ಅವರಿಗೇ, ಸರಿಯಾಗಿಯೇ. ಡಯಾನಾ ಮಾಡಿದ್ದು ಆಗಲೇ ನಡೆಯುತ್ತಿದ್ದ ಕೆಲಸದ ಕಡೆ ಕ್ಯಾಮೆರಾಗಳನ್ನು ಕರೆದೊಯ್ದದ್ದು. ಕೇಳಿದ್ದೂ ಒಂದೇ ವಿಷಯ: ಈ ಆಯುಧ ಬೇಡ. ಪ್ರಸಿದ್ಧಿಯನ್ನು ಇದಕ್ಕಿಂತ ಚೆನ್ನಾಗಿ ಖರ್ಚು ಮಾಡಿದವರು ಕಡಿಮೆ.

ಐವರಿ ಕೋಸ್ಟ್‌ನ ಫುಟ್‌ಬಾಲ್ ಆಟಗಾರ ದಿದಿಯೆ ದ್ರೋಗ್ಬಾನ ಕಥೆಯನ್ನು ಜನ ಅರ್ಧ ಮಾತ್ರ ಹೇಳುತ್ತಾರೆ. 2002ರಿಂದ ಆ ದೇಶ ಅಂತರ್ಯುದ್ಧದಲ್ಲಿ ಎರಡು ಹೋಳಾಗಿತ್ತು. 2005ರ ಅಕ್ಟೋಬರ್‌ನಲ್ಲಿ ತಂಡ ಮೊದಲ ಬಾರಿಗೆ ವಿಶ್ವಕಪ್‌ಗೆ ಆಯ್ಕೆಯಾದ ದಿನ, ಡ್ರೆಸಿಂಗ್ ರೂಮಿನಲ್ಲಿ ದ್ರೋಗ್ಬಾ ಮತ್ತು ಜೊತೆಗಾರರು ಟಿವಿ ಕ್ಯಾಮೆರಾ ಮುಂದೆ ಮಂಡಿಯೂರಿ, ಆಯುಧ ಕೆಳಗಿಡಿ ಅಂತ ಬೇಡಿಕೊಂಡರು. 2007ರ ಮಾರ್ಚ್‌ನಲ್ಲಿ ಶಾಂತಿ ಒಪ್ಪಂದ ಆಯಿತು. ಜೂನ್‌ನಲ್ಲಿ ಬಂಡುಕೋರರ ನೆಲೆಯಾಗಿದ್ದ ಬುವಾಕೆಯಲ್ಲೇ ರಾಷ್ಟ್ರೀಯ ತಂಡ ಪಂದ್ಯ ಆಡಿತು. ‘ಫುಟ್‌ಬಾಲ್ ಯುದ್ಧ ನಿಲ್ಲಿಸಿತು’ ಅನ್ನುವ ಕಥೆ ಇಲ್ಲಿಗೆ ಮುಗಿಯುತ್ತದೆ. ಆದರೆ 2010ರ ಚುನಾವಣೆಯ ನಂತರ ಮತ್ತೆ ಹಿಂಸೆ ಭುಗಿಲೆದ್ದು ಸುಮಾರು 3,000 ಜನ ಸತ್ತರು. ಜನರ ಮನಸ್ಸು ಕರಗಿದ್ದು ಸುಳ್ಳಲ್ಲ. ಆದರೆ ಯಾರು ಪ್ರಜೆ, ಯಾರು ಪರಕೀಯ, ಭೂಮಿ ಯಾರದು ಅನ್ನುವ ಜಗಳ ಹಾಗೇ ಉಳಿದಿತ್ತು. ಅದನ್ನು ಬಗೆಹರಿಸುವುದು ಸ್ಟ್ರೈಕರ್‌ನ ಕೆಲಸವಲ್ಲ, ಅವನ ಕೈಲಿ ಆಗುವುದೂ ಇಲ್ಲ.

ಇನ್ನು ಮಗಳ ಗಾಯಕ. ಅವನನ್ನು ಫಾಲೋ ಮಾಡುವುದು ಬಿಡುವುದು ಅವಳಿಷ್ಟ, ಅದಕ್ಕೆ ಜಗಳ ಬೇಡ. ಆದರೆ ಒಂದು ಮಾತು ಕೇಳಿ ನೋಡಿ: ಅವನು ಮಾತಾಡಿದ್ದರೆ ಏನು ಹೇಳಬೇಕಿತ್ತು ಅಂತ ಅವಳಿಗೆ ಮೊದಲೇ ಗೊತ್ತಿತ್ತೇ? ಗೊತ್ತಿದ್ದರೆ ಅವಳಿಗೆ ಬೇಕಿದ್ದದ್ದು ಅವನ ಅಭಿಪ್ರಾಯವಲ್ಲ, ತನ್ನ ಅಭಿಪ್ರಾಯಕ್ಕೆ ಅವನ ಸಹಿ. ಗೊತ್ತಿಲ್ಲದಿದ್ದರೆ, ಆ ಯುದ್ಧ ನಡೆಯುವ ಜಾಗದಲ್ಲೇ ಕೂತು ಬರೆಯುತ್ತಿರುವ ವರದಿಗಾರರು, ಅಲ್ಲೇ ಗಾಯ ಕಟ್ಟುತ್ತಿರುವ ವೈದ್ಯರು ಇದ್ದಾರೆ. ಅವರನ್ನು ಫಾಲೋ ಮಾಡಲಿ. ನೀವೂ ಮಾಡಿ. ಆಮೇಲೆ ಊಟದ ಹೊತ್ತಲ್ಲಿ ಬೇಕಾದಷ್ಟು ಜಗಳ ಆಡಿ, ಗಾಯಕನನ್ನು ಬಿಟ್ಟು ಯುದ್ಧದ ಬಗ್ಗೆ.